ಹೊಂಗ್ದೊದಲ್ಲಿ ಅತ್ತೆಯ ಎಡೆ

ಮೀನಿನ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಪಿಲ್ಸುನ್ ಕಾವಲಿಯ ಮೇಲೆ ಹಾಕುತ್ತಿದ್ದಳು. ಅಂದು ಸಂಜೆ ತೀರಿಹೋದ ಅತ್ತೆಯ ವರ್ಷದ ಎಡೆ. ಎಳೆ ಕುಂಬಳದ ಬಿಲ್ಲೆಗಳು ಬೆಂದು ಬುಟ್ಟಿ ಸೇರಿದ್ದವು, ಮಾಂಸದ್ದು ಇನ್ನೂ ಬಾಕಿ. ಗಂಡ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

"ರೀ, ದೊಡ್ಡಪ್ಪನವರನ್ನ ಕೇಳಿದ್ರಾ?"

"ಕೇಳ್ದೆ ಕಣೆ. ಹೆಂಗಸರು ಎಡೆ ಮುಂದೆ ಅಡ್ಡಬೀಳೋದು ನಮ್ಮ ಮನೆತನದಲ್ಲೇ ಇಲ್ವಂತೆ. ಅಡುಗೆಮನೇಲಿ ನಿಂತು ಮನಸ್ಸಲ್ಲೇ ಕೈಮುಗೀಲಿ ಅಂದ್ರು."

ಅತ್ತೆ ಹಾಸಿಗೆ ಹಿಡಿದಷ್ಟು ವರ್ಷವೂ ಅವರ ಬೆನ್ನು ಒರೆಸಿದವಳು, ಗಂಜಿ ಆರಿಸಿ ಬಾಯಿಗಿಟ್ಟವಳು ಪಿಲ್ಸುನ್. ಅವರಿಗೊಂದು ಬಟ್ಟಲು ಅಕ್ಕಿಹೆಂಡ ಸುರಿದು ತಲೆಬಾಗಬೇಕೆಂಬುದೊಂದೇ ಅವಳ ಆಸೆ. ವರ್ಷ ವರ್ಷವೂ ಮನೆತನದ ಹಿರಿಯರಾದ ದೊಡ್ಡಪ್ಪನನ್ನು ಗಂಡನ ಮೂಲಕ ಕೇಳಿಸುತ್ತಿದ್ದಳು. ವರ್ಷ ವರ್ಷವೂ ಎಣ್ಣೆಯ ಹೊಗೆಯಲ್ಲಿ ನಿಂತು ಗಂಡಸರ ಬೆನ್ನು ನೋಡುತ್ತಿದ್ದಳು.

ಅವಳು ಒಲೆ ಆರಿಸಿದಳು. ಬೆಂದದ್ದರಲ್ಲಿ ಅರ್ಧವನ್ನು ಡಬ್ಬಿಗೆ ತುಂಬಿಕೊಂಡಳು.

"ಪಕ್ಕದ ಮನೆ ಡೊಕ್ರೆ ಅಕ್ಕನ ಗುಂಪಿನವರು ಇವತ್ತು ಹೊಂಗ್ದೊ ದ್ವೀಪ ನೋಡೋಕೆ ಹೋಗ್ತಿದಾರೆ. ಒಂದು ಸೀಟು ಖಾಲಿ ಇದೆ. ನಾಳೆ ಸಂಜೆ ಬರ್ತೀನಿ."

"ಏನಂದೆ? ಮಾಂಸ ಯಾರು ಬೇಯಿಸೋದು?"

"ಅಡ್ಡಬೀಳೋರು."

ಹಡಗು ಹೊರಟು ಮೊಕ್ಪೊ ಬಂದರು ಕಣ್ಮರೆಯಾಗುವವರೆಗೂ ಅವಳು ಡಬ್ಬಿಯನ್ನು ಅಪ್ಪಿ ಹಿಡಿದು ಹಿಂದೆಯೇ ನೋಡುತ್ತಿದ್ದಳು. ದ್ವೀಪ ತಲುಪಿ, ಕೆಂಬಂಡೆಗಳನ್ನು ಸುತ್ತುವ ದೋಣಿ ಹತ್ತಿದ ಮೇಲೆ ಉಸಿರು ಹದಕ್ಕೆ ಬಂತು. ಮೈಕು ಹಿಡಿದವನು ಒಂದೊಂದು ಬಂಡೆಗೂ ಒಂದೊಂದು ಕಥೆ ಕಟ್ಟುತ್ತಿದ್ದ.

"ಅದೋ ನೋಡಿ, ಗಂಡನಿಗಾಗಿ ಕಾದೂ ಕಾದೂ ಕಲ್ಲಾದ ಹೆಂಡತಿ!"

"ಕಾಯೋ ಹೊತ್ತಲ್ಲಿ ಈಜು ಕಲಿಬಾರದಿತ್ತಾ ಮುಂಡೇದು?" ಎಂದಳು ಡೊಕ್ರೆ. ದೋಣಿಗೆ ದೋಣಿಯೇ ನಕ್ಕಿತು.

ಪಿಲ್ಸುನ್ ಮಾತ್ರ ನಗಲಿಲ್ಲ. "ನಮ್ಮತ್ತೆಗೆ ಇದನ್ನ ನೋಡ್ಬೇಕು ಅಂತ ಬಲು ಆಸೆ ಇತ್ತು ಕಣಕ್ಕ. ಪ್ರತಿ ವಸಂತದಲ್ಲೂ ಗಂಟು ಕಟ್ಟೋರು. ಅಷ್ಟರಲ್ಲಿ ಮಾವನ ಕಡೆ ಯಾರದ್ದಾದ್ರೂ ಎಡೆ ಬಂದುಬಿಡೋದು."

ಸಂಜೆ ಇಬ್ಬರೂ ದಡದ ಬಂಡೆಯ ಮೇಲೆ ಡಬ್ಬಿ ಬಿಚ್ಚಿದರು. ಡೊಕ್ರೆ ಅಂಗಡಿಯಿಂದ ಅಕ್ಕಿಹೆಂಡ ತಂದಿದ್ದಳು. ಆಗಲೇ ಗಂಡನ ಫೋನು ಬಂತು.

"ಎಡೆ ಮೇಜಲ್ಲಿ ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ ಇಡ್ಬೇಕು ತಾನೆ? ಫೋನಲ್ಲಿ ದಿಕ್ಸೂಚಿ ಇಟ್ಟು ನೋಡಿದ್ವಿ. ಪೂರ್ವ ಬಾಗಿಲ ಹೊರಗೆ ಹೋಗ್ತಿದೆ! ಮೇಜು ತಿರುಗಿಸಿದ್ರೆ ಅಮ್ಮನ ಫೋಟೋ ಬಚ್ಚಲ ಕಡೆ ನೋಡುತ್ತೆ. ದೊಡ್ಡಪ್ಪ ಕೂಗಾಡ್ತಿದಾರೆ."

ಪಿಲ್ಸುನ್‌ಗೆ ನಗು ತಡೆಯಲಾಗಲಿಲ್ಲ. "ಎಡೆಗೆ ಸೂರ್ಯನ ಪೂರ್ವ ಲೆಕ್ಕಕ್ಕಿಲ್ಲ ರೀ. ಫೋಟೋ ಇರೋದೇ ಉತ್ತರ. ಅದಕ್ಕೆ ಎದುರಾಗಿ ನಿಂತ್ರೆ ನಿಮ್ಮ ಬಲಗೈ ಪೂರ್ವ. ಇಷ್ಟು ವರ್ಷ ಯಾವ ಕಡೆ ಅಂತ ಅಡ್ಡಬೀಳ್ತಿದ್ರಿ?"

"ನೀನಿಲ್ದೆ ಆಗಲ್ಲ ಕಣೆ. ನಾಳೆ ಮೊದಲ ಹಡಗಿಗೇ ಬಾ. ದೊಡ್ಡಪ್ಪನ ಮುಂದೆ ತಪ್ಪಾಯ್ತು ಅಂದ್ಬಿಡು, ಮುಗೀತು."

"ತಪ್ಪು ಮಾಡಿದ್ರೆ ಅಂತೀನಿ."

ಫೋನಿಟ್ಟು ಅವಳು ಮೀನು, ಕುಂಬಳವನ್ನು ಬಂಡೆಯ ಮೇಲೆ ಜೋಡಿಸಿದಳು. ಬಟ್ಟಲು ತುಂಬ ಹೆಂಡ ಸುರಿದಳು. "ಅತ್ತೆ, ಹೊಂಗ್ದೊಗೆ ಬಂದ್ವಿ ನೋಡಿ," ಎನ್ನುತ್ತ ಹಣೆ ಕಲ್ಲಿಗೆ ತಾಗುವಂತೆ ಅಡ್ಡಬಿದ್ದಳು. ಫೋಟೋ ತೆಗೆಯಲು ಬಂದಿದ್ದ ಪ್ರವಾಸಿಗಳು ಕ್ಯಾಮೆರಾ ಇಳಿಸಿ ಪಕ್ಕಕ್ಕೆ ಸರಿದರು. ಅಡ್ಡಬಿದ್ದವಳು ಬೇಗ ಏಳಲಿಲ್ಲ.

ಮರುದಿನ ಮೊದಲ ಹಡಗು ಹೋಗಲಿ ಎಂದು ಬಿಟ್ಟಳು. ಕಟ್ಟೆಯ ಮೇಲೆ ಕೂತಿದ್ದಾಗ ಡೊಕ್ರೆ ಕೇಳಿದಳು:

"ಆ ಕಾಗದ ಇನ್ನೂ ಚೀಲದಲ್ಲೇ ಹೊತ್ಕೊಂಡು ತಿರುಗ್ತಿದೀಯೇನೆ?"

ಅತ್ತೆಯ ಮೊದಲ ಎಡೆ ಮುಗಿದ ವಾರವೇ ದೊಡ್ಡಪ್ಪನಿಗೆ ಬರೆದ ಕಾಗದ ಅದು. ಅವರು ಬಾಯಿಮಾತನ್ನು ಗಾಳಿಗೆ ಬಿಡುವವರು. ಬರೆದು ಕಳಿಸಿದ್ದನ್ನು ಮಾತ್ರ ಮನೆತನದವರೆಲ್ಲ ಸೇರಿದಾಗ ಗಟ್ಟಿಯಾಗಿ ಓದಿಸುವವರು. ಅದಕ್ಕೇ ಗಂಡನಿಗೆ ಭಯ. ದೊಡ್ಡಪ್ಪನ ಮಂಡಿನೋವು ವಾಸಿಯಾಗಲಿ, ಮೈದುನನ ಮಗಳ ಮದುವೆಯಾಗಲಿ ಎಂದು ಅವಳು ಕಳಿಸದಂತೆ ತಡೆಯುತ್ತಲೇ ಬಂದಿದ್ದ. ಕಾಗದದಲ್ಲಿದ್ದದ್ದು ಇಷ್ಟೇ: ಎಡೆಯ ಅಡುಗೆ ಮಾಡಿದವಳು ಎಡೆಯ ಮುಂದೆ ಅಡ್ಡಬೀಳುತ್ತಾಳೆ. ಒಪ್ಪಿಗೆಯಿಲ್ಲದಿದ್ದರೆ ಇನ್ನು ಮುಂದೆ ಅಡುಗೆ ನಿಮ್ಮದೇ.

ಪಿಲ್ಸುನ್ ಎದ್ದು ಅಂಗಡಿ ಪಕ್ಕದ ಕೆಂಪು ಅಂಚೆ ಡಬ್ಬಿಯ ಬಳಿ ಹೋದಳು.

"ಯೋಚ್ನೆ ಮಾಡು," ಎಂದಳು ಡೊಕ್ರೆ. "ಒಳಗೆ ಬಿದ್ಮೇಲೆ ತೆಗೆಯೋಕಾಗಲ್ಲ."

"ಅದಕ್ಕೇ ಹಾಕ್ತಿರೋದು," ಎಂದು ಪಿಲ್ಸುನ್ ಲಕೋಟೆಯನ್ನು ಒಳಕ್ಕೆ ದೂಡಿದಳು.