ಅವಳನ್ನು ಯಾರಾದ್ರೂ ಕೇಳಿದ್ರಾ?

ಮದುವೆಯಾಗಿ ವರ್ಷ ತುಂಬಿತೋ ಇಲ್ಲವೋ, ಬೀದಿಗೆಲ್ಲ ಒಂದೇ ಚಿಂತೆ: "ಏನಮ್ಮಾ, ಏನಾದ್ರೂ ವಿಶೇಷ?" ಹೊಲಿಗೆ ಅಂಗಡಿ ಇಟ್ಟಿದ್ದ ಹುಡುಗಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಅಳತೆ ಕೊಡಲು ಬಂದವರು ಕಣ್ಣಲ್ಲೇ ಅವಳ ಹೊಟ್ಟೆಯ ಅಳತೆ ತೆಗೆದುಕೊಂಡು ಹೋಗುತ್ತಿದ್ದರು.

ಎಲ್ಲರಿಗಿಂತ ಮುಂದಿದ್ದವಳು ಪಕ್ಕದ ಬೇಕರಿಯಾಕೆ. ಎರಡು ಮಕ್ಕಳ ತಾಯಿ, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಗಂಟಲು. ಮಧ್ಯಾಹ್ನ ಚಹಾಕ್ಕೆ ಸೇರುತ್ತಿದ್ದ ಮೂರನೆಯವಳು ಕಾರು ಕಲಿಸುವ ಗೆಳತಿ. ಅವಳೂ ಗಂಡನೂ ಮಕ್ಕಳು ಬೇಡವೆಂದು ಮಾತಾಡಿಕೊಂಡೇ ಮದುವೆಯಾದವರು. ಬೇಕರಿಯಾಕೆಗೆ ಇದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ವಯಸ್ಸಾದ ಮೇಲೆ ನಿನಗೆ ನೀರು ಕೊಡೋರು ಯಾರೇ?" ಎಂದು ಒಮ್ಮೆ ಕೇಳಿದಳು.

"ನಿನ್ನ ಮಗನಿಗೆ ಈಗಲೇ ಒಂದು ಲೋಟ ನೀರು ತರೋಕೆ ಹೇಳು. ಆಮೇಲೆ ಮಾತಾಡೋಣ."

ಬೇಕರಿಯಾಕೆ ಕೂಗಿ ಹೇಳಿದರೂ ಮಗ ಕೂತಲ್ಲಿಂದ ಕದಲಲಿಲ್ಲ. ಮೂವರೂ ನಕ್ಕರು. ಆದರೆ ಹೊಲಿಗೆಯ ಹುಡುಗಿ ಬೇಗ ನಗು ನಿಲ್ಲಿಸಿ ತಲೆ ತಗ್ಗಿಸಿದಳು. ಅದನ್ನು ಕಂಡ ಬೇಕರಿಯಾಕೆ, ಪಾಪ, ಇವಳಿಗೆ ಬಸಿರು ನಿಲ್ಲುತ್ತಿಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಳು. ಮರುದಿನ ಬೇಕರಿಯ ಬಾಗಿಲು ಅರ್ಧ ಎಳೆದು, ಹುಡುಗಿಯ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು.

ನರ್ಸ್ ಎದುರು ಎಲ್ಲವನ್ನೂ ಅವಳೇ ಹೇಳಿದಳು. ಅತ್ತೆಯ ಆಸೆ, ಜನರ ಬಾಯಿ, ಮಾತ್ರೆ ಏನಾದರೂ ಇದೆಯೇ ಎಂಬುದು, ಎಲ್ಲ. ನರ್ಸ್ ತಾಳ್ಮೆಯಿಂದ ಕೇಳಿಸಿಕೊಂಡು ಹುಡುಗಿಯ ಕಡೆ ತಿರುಗಿದರು.

"ನಿಮಗೆ ಈಗ ಮಗು ಬೇಕಾ?"

ಹುಡುಗಿ ಸೆರಗಿನ ಅಂಚು ತಿರುವಿದಳು. "ಇದುವರೆಗೂ ನನ್ನನ್ನ ಯಾರೂ ಕೇಳೇ ಇಲ್ಲ ಸಿಸ್ಟರ್."

ಬೇಕರಿಯಾಕೆಯ ಬಾಯಿ ತೆರೆದದ್ದು ತೆರೆದೇ ಇತ್ತು.

ಮಗು ಬೇಕು, ಆದರೆ ಈಗಲೇ ಅಲ್ಲ, ಅಂಗಡಿ ಈಗಷ್ಟೇ ನೆಲೆ ಕಾಣುತ್ತಿದೆ ಎಂದಳು ಹುಡುಗಿ. ಗಂಡನಿಗೆ ಹೇಳಲು ಅಂಜಿಕೆ. ಬಸಿರಾಗದ ದಿನಗಳು ಯಾವುವೆಂದು ಲೆಕ್ಕ ಹಾಕಿಕೊಂಡು, ತಿಂಗಳು ತಿಂಗಳೂ ಹೆದರಿಕೊಂಡೇ ಇದ್ದಳಂತೆ. ದಿನದ ಲೆಕ್ಕ ತಪ್ಪುವುದು ಸುಲಭ ಎಂದರು ನರ್ಸ್. ಕಾಂಡೋಮ್, ಮಾತ್ರೆ, ಚುಚ್ಚುಮದ್ದು, ಕಾಪರ್-ಟಿ ಹೀಗೆ ಹಲವು ದಾರಿಗಳಿವೆ, ಯಾರಿಗೆ ಯಾವುದು ಹೊಂದುತ್ತದೆಂದು ಪರೀಕ್ಷಿಸಿ ಹೇಳುತ್ತೇವೆ, ಗಂಡನನ್ನೂ ಕರೆದುಕೊಂಡು ಬನ್ನಿ ಎಂದರು. ಮಗು ಬೇಕೆನಿಸಿದಾಗ ಮೊದಲೇ ಬಂದರೆ ರಕ್ತ ಪರೀಕ್ಷೆ ಮಾಡಿ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರಂತೆ. ಪ್ರಯತ್ನಿಸಿಯೂ ಆಗದಿದ್ದರೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಹೆಂಗಸೊಬ್ಬಳ ಮೇಲೇ ತಪ್ಪು ಹೊರಿಸಬಾರದು ಎಂದೂ ಹೇಳಿದರು.

ಅಂದು ಸಂಜೆ ಹುಡುಗಿ ಧೈರ್ಯ ಮಾಡಿ ಗಂಡನ ಮುಂದೆ ಬಾಯಿಬಿಟ್ಟಳು. ಅವನು ಉಸ್ಸೆಂದು ಗೋಡೆಗೆ ಒರಗಿದ. ಈಗಲೇ ಬೇಡ ಎಂದು ಅವನಿಗೂ ಇತ್ತು, ಅವಳಿಗೆ ಆತುರವಿರಬೇಕು ಎಂದುಕೊಂಡು ಸುಮ್ಮನಿದ್ದನಂತೆ. ಇಬ್ಬರೂ ಹೋಗಿ ನರ್ಸನ್ನು ಕಂಡು ಬಂದರು.

ವಿಷಯ ತಿಳಿದ ಅತ್ತೆ ನಾಲ್ಕು ದಿನ ಮುಖ ಊದಿಸಿಕೊಂಡರು. ಕೊನೆಗೆ ಮಗನೇ ಎದುರು ಕೂತು, "ಅಮ್ಮಾ, ಇದು ನಮ್ಮಿಬ್ಬರ ತೀರ್ಮಾನ. ಇನ್ಮೇಲೆ ಇವಳನ್ನ ಕೇಳಬೇಡ, ಏನಿದ್ರೂ ನನ್ನ ಕೇಳು" ಎಂದ. ಆಕೆ ಸೊಸೆಯ ಕಡೆ ನೋಡಿ ಮಗನಿಗೆ ಹೇಳಿದರು:

"ನಿಮ್ಮ ಮೂವರನ್ನೂ ನಾನು ಒಬ್ಬರ ಬೆನ್ನಿಗೊಬ್ಬರನ್ನ ಹೆತ್ತೆ ಕಣೋ. ಮೈಯಲ್ಲಿ ಶಕ್ತಿ ಇದೆಯಾ ಅಂತ ನನ್ನ ಯಾರು ಕೇಳಿದ್ರು? ಇವಳಾದ್ರೂ ಸುಧಾರಿಸಿಕೊಂಡು ಹೆರಲಿ."

ಬೇಕರಿಯಾಕೆಗೆ ಇನ್ನೊಂದು ಕೆಲಸ ಬಾಕಿಯಿತ್ತು. ಬಿಸಿ ಬನ್ನು ಹಿಡಿದು ಗೆಳತಿಯ ಕಾರಿನ ಹತ್ತಿರ ಹೋಗಿ, ಇನ್ನು ಮುಂದೆ ಮಕ್ಕಳ ವಿಷಯ ಎತ್ತುವುದಿಲ್ಲ ಎಂದು ಅವಳಿಗೆ ಹೇಳಿದಳು. ಆ ಗೆಳತಿ, "ಭಾನುವಾರ ನಿನ್ನ ಮಕ್ಕಳನ್ನ ನನ್ನ ಹತ್ರ ಬಿಟ್ಟು ಕಣ್ತುಂಬ ನಿದ್ದೆ ಮಾಡು" ಎಂದಳು. ಬೇಕರಿಯಾಕೆಯ ಕಣ್ಣಲ್ಲಿ ನೀರು ಬಂತು. ಮಕ್ಕಳೆಂದರೆ ಪ್ರಾಣ, ನಿಜ. ತನಗೆ ದಣಿವಾಗುತ್ತದೆ ಎಂದು ಮಾತ್ರ ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮಗು ಯಾವಾಗ, ಎಷ್ಟು, ಬೇಕೋ ಬೇಡವೋ ಎಂಬುದನ್ನು ಗಂಡ ಹೆಂಡತಿ ಕೂತು ಮನಬಿಚ್ಚಿ ಮಾತಾಡಿ ತೀರ್ಮಾನಿಸಲಿ. ಇಬ್ಬರೂ ಒಟ್ಟಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಾಚಿಕೆ ಬಿಟ್ಟು ಕೇಳಿ. ನೀವು ನೆರೆಯವರಾಗಿದ್ದರೆ, "ವಿಶೇಷ ಏನು?" ಎನ್ನುವ ಬದಲು "ಹೇಗಿದ್ದೀಯಮ್ಮಾ?" ಎಂದು ಕೇಳಿ ನೋಡಿ.