ಸೋಮವಾರದ ಮಳೆ

ಲೊಕ್ಕನಹಳ್ಳಿಯಲ್ಲಿ ಬೆಳಗು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಹೊಲಕ್ಕೆ ಆನೆ ನುಗ್ಗದಂತೆ ಕಾಯಲು ಅಟ್ಟಣೆ ಹತ್ತಿದವರು ಕೆಮ್ಮುತ್ತ ಇಳಿಯುವುದು, ಕೊಟ್ಟಿಗೆಯಲ್ಲಿ ದನ ಕೊರಳಾಡಿಸುವುದು, ಗುಡ್ಡದ ಮೇಲಿಂದ ಮಂಜು ಇಳಿಯುವುದು, ಎಲ್ಲವೂ ಕೇಳಿಸುತ್ತದೆ. ಮಂಜು ಕೇಳಿಸುತ್ತದೆಯೇ ಎಂದು ನಗಬೇಡಿ. ನಾನು ಯಳಂದೂರಿನ ಕಡೆಯ ಅಗರದಲ್ಲಿ ಅಪ್ಪನ ಪುರಾಣ ವಾಚನ ಕೇಳುತ್ತ ಬೆಳೆದವಳು. ಒಂದು ಷಟ್ಪದಿ ಮುಗಿದು ಇನ್ನೊಂದಕ್ಕೆ ಅಪ್ಪ ಉಸಿರೆಳೆದುಕೊಳ್ಳುವಾಗ, ಕಂಬಕ್ಕೆ ಒರಗಿ ಕೂತ ನನಗೆ ಏನೋ ಒಂದು ಕೇಳುತ್ತಿತ್ತು. ಮಂಜಿನದೂ ಅದೇ ಸದ್ದು.

ಆ ಹೊತ್ತಿನಲ್ಲಿ, ಸೋಮವಾರ ಸೋಮವಾರ, ನಾನು ಸ್ಕೂಲಿನ ಹಿಂದಿನ ಬಯಲಿಗೆ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಕಲ್ಲುಕಂಬ ನೆಟ್ಟು ತಂತಿ ಸುತ್ತಿದ ಜಾಗದಲ್ಲಿ ಮಳೆ ಅಳೆಯುವ ಡಬ್ಬವಿತ್ತು. ಸಿಮೆಂಟಿನ ಪುಟ್ಟ ಕಟ್ಟೆ, ಅದರ ನಡುವೆ ಮೊಣಕಾಲೆತ್ತರ ಎದ್ದು ನಿಂತ ಗುಂಡನೆಯ ಲೋಹ, ತಲೆಯ ಮೇಲೆ ಹೊಳೆಯುವ ಅಂಚು. ಅದನ್ನು ಮೊದಲು ಕಂಡ ದಿನ ಶಿವಲಿಂಗ ಕಂಡಂತೆ ನನ್ನ ಕೈ ತಾನಾಗಿ ಮುಗಿದಿತ್ತು. ಅಂಚಿನೊಳಗೆ ಬಿದ್ದ ನೀರು ಕೊಳವೆಯಲ್ಲಿ ಜಾರಿ ಕೆಳಗಿನ ಸೀಸೆಗೆ ಸೇರುತ್ತದೆ, ಬೆಳಿಗ್ಗೆ ಎಂಟಕ್ಕೆ ಅದನ್ನು ಗೆರೆಯಿರುವ ಗಾಜಿಗೆ ಬಗ್ಗಿಸಿ ನೋಡಬೇಕು ಎಂದು ನಮ್ಮ ಮನೆಯವರು ಹೇಳಿಕೊಟ್ಟಿದ್ದರು. ಅವರ ಹೆಸರನ್ನು ನಾನು ಬಾಯಲ್ಲಿ ತರುವುದಿಲ್ಲ. ಊರು ಅವರನ್ನು ಸದಾಶಿವಪ್ಪ ಮೇಷ್ಟ್ರು ಎನ್ನುತ್ತಿತ್ತು.

ನಮ್ಮ ಕಡೆ ಆಗ ಕೆರೆ ಬೇಕಾದವರು ಹಾರ ತೆಗೆದುಕೊಂಡು ಮುಖಂಡರ ಮನೆಗೆ ಹೋಗುತ್ತಿದ್ದರು. ಹಾಗೆ ಕಟ್ಟಿದ ಕೆರೆಯೊಂದು ಹನೂರಿನ ದಾರಿಯಲ್ಲಿತ್ತು. ಅದರಲ್ಲಿ ನೀರು ನಿಂತದ್ದನ್ನು ಕಂಡವರಿಲ್ಲ, ದನ ಮೇಯುತ್ತಿದ್ದವು. ಮನೆಯವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮಳೆ ಅಳೆಯದೆ, ಮಣ್ಣು ನೋಡದೆ, ಇಳಿಜಾರು ಲೆಕ್ಕ ಹಾಕದೆ ಸರ್ಕಾರ ಯಾವ ಊರಿಗೂ ಕೆರೆ ಮಂಜೂರು ಮಾಡಬಾರದು ಎಂದು ಒಂದು ಅರ್ಜಿ ಬರೆದು, ಸೈಕಲ್ಲಿನಲ್ಲಿ ಊರೂರು ಸುತ್ತಿ ರುಜು, ಹೆಬ್ಬೆಟ್ಟು ಹಾಕಿಸುತ್ತಿದ್ದರು. "ಮೊದಲು ಕೊಯಮತ್ತೂರಿಗೆ ಬರೀಬೇಕಿತ್ತು, ಅವರಿಗೆ ನಮ್ಮ ಭಾಷೆ ಬರ್ತಿರಲಿಲ್ಲ. ಈಗ ಮೈಸೂರಿಗೆ ಸೇರಿದ್ದೀವಿ, ಕನ್ನಡದಲ್ಲೇ ಕೇಳೋಣ" ಎನ್ನುತ್ತಿದ್ದರು. ಎರಡು ವರ್ಷ ಪತ್ರ ಬರೆದ ಮೇಲೆ, ಐವತ್ತೆಂಟರಲ್ಲಿ, ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಡಬ್ಬ ಬಂತು.

ಕಂಟ್ರಾಕ್ಟು ಮಾಡುತ್ತಿದ್ದ ಚಿನ್ನಸ್ವಾಮಿ ದಿನಾ ಕಾಡುತ್ತಿದ್ದ. "ಏನ್ ಮೇಷ್ಟ್ರೇ, ಇವತ್ತೆಷ್ಟು ಕಾಯಿ ಬುಟ್ತು ನಿಮ್ ಡಬ್ಬ?"

"ಮೂರು ವರ್ಷ ತಾಳು ಚಿನ್ನಸ್ವಾಮಿ. ವರ್ಷಕ್ಕೆ ಇಪ್ಪತ್ತೆಂಟು ಇಂಚು ಮಳೆ ಇದೆ ಅಂತ ತೋರಿಸಿದರೆ, ನಮ್ಮ ಹಳ್ಳದ ನೀರಿಗೆ ಕೆರೆ ತುಂಬುತ್ತೆ. ಆಗ ಯಾರ ಕಾಲೂ ಹಿಡಿಯೋದು ಬೇಡ, ಅಂಕಿನೇ ಮಾತಾಡುತ್ತೆ."

"ಅಂಕಿ ಮಾತಾಡೋದಾದ್ರೆ ಎಮ್ಮೆನೂ ಆಡ್ತದೆ ಬುಡಿ."

ಈ ಮಾತು ಕೇಳಿ ನನಗೆ ಸಂಕಟವಾಗುತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಡಬ್ಬದ ಬೇಲಿಯ ಬೀಗದಕೈ ನಮ್ಮ ದೇವರ ಗೂಡಿನ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ಸೋಮವಾರ ಮಿಂದು, ಅಪ್ಪ ಕೊಟ್ಟ, ತುಪ್ಪ ಬಡಿಸುವಂಥ ಪುಟ್ಟ ಹಿತ್ತಾಳೆ ಮಿಳ್ಳೆಯಲ್ಲಿ ಮೂರು ಸಲ, ಒಂದೊಂದಕ್ಕೂ ಪಂಚಾಕ್ಷರಿ ಹೇಳಿ, ಆ ಗುಂಡನೆಯ ತಲೆಗೆ ನೀರೆರೆಯುತ್ತಿದ್ದೆ. ಅಳತೆಗೆ ಕೈ ಹಾಕುತ್ತಿದ್ದೇನೆ ಎಂಬ ಯೋಚನೆ ಬರಲಿಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ಬರುವ ಮಳೆಗೆ ಮೂರು ಮಿಳ್ಳೆ ಹೆಪ್ಪು.

ಮಳೆಗಾಲದಲ್ಲಿ ಅದು ಮಳೆಯೊಳಗೆ ಕರಗಿಹೋಯಿತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಗಾಜು ಹಿಡಿದುಕೊಂಡು ಓಡಿಬಂದರು.

"ರತ್ನಾ, ರಾತ್ರಿ ಹನಿ ಸದ್ದು ಕೇಳಿತಾ?"

"ಇಲ್ಲವಲ್ಲ."

"ನೋಡು, ಐದು ಸೆಂಟು! ಇಂಚಿನಲ್ಲಿ ನೂರು ಪಾಲು ಮಾಡಿದರೆ ಐದು ಪಾಲು. ನೆಲ ಒಣಗಿದೆ, ಡಬ್ಬದಲ್ಲಿ ನೀರಿದೆ. ನಾವು ಮಲಗಿದಾಗ ಕಾಡಿನ ಉಸಿರು ಇಳಿದು ಬರುತ್ತೆ ಕಣೆ. ಇದು ಕಾಣದ ಮಳೆ."

ಆಗಲೇ ಹೇಳಬೇಕಿತ್ತು. ಆದರೆ ಪದ್ಯದ ಕೊನೆಯ ಸಾಲಿಗೆ ಬಂದಾಗ ಅಪ್ಪನ ಮುಖ ಹೇಗಿರುತ್ತಿತ್ತೋ ಆವತ್ತು ಇವರ ಮುಖ ಹಾಗಿತ್ತು. ಓದುತ್ತಿರುವವರ ನಡುವೆ ಬಾಯಿ ಹಾಕಿ ನನಗೆ ಅಭ್ಯಾಸವಿಲ್ಲ. ಮುಂದಿನ ಸೋಮವಾರ ಅವರು ಖಾಲಿ ಸೀಸೆ ಕಾಣುವುದು ಬೇಡವೆನ್ನಿಸಿತು. ಅದರ ಮುಂದಿನ ಸೋಮವಾರವೂ ಅನ್ನಿಸಿತು. ದೇವರಿಗೆಂದು ಹೊರಟ ನೀರು ಯಾವಾಗ ಅವರಿಗೆಂದು ತಿರುಗಿತೋ ನನಗೇ ಗೊತ್ತಾಗಲಿಲ್ಲ. ಮಂಜಿನಲ್ಲಿ ನಿಂತು ಎರೆಯುವಾಗ, ನಿಜವಾಗಿಯೂ ಕಾಡೇ ನನ್ನ ಕೈಯಿಂದ ಸುರಿಯುತ್ತಿದೆ ಎನ್ನಿಸಿದ ದಿನಗಳೂ ಇವೆ.

ಮೂರು ವರ್ಷ ತುಂಬಿತು. ವರ್ಷಕ್ಕೆ ಇಪ್ಪತ್ತೆಂಟೂವರೆ ಇಂಚು ಬಂತು. ನಮ್ಮೂರಿಗೊಂದು ಕೆರೆ ಎಂಬ ಕೋರಿಕೆಯನ್ನೂ ಸೇರಿಸಿದ ಅರ್ಜಿಯ ಜೊತೆ ಲೆಕ್ಕದ ಪುಸ್ತಕಗಳು ಮುಂಚೆಯೇ ಹೋದವು. ವಿಚಾರಣೆಗೆ ಹನೂರಿನ ಪ್ರವಾಸಿ ಮಂದಿರಕ್ಕೆ ಬನ್ನಿ ಎಂದು ಇಂಜಿನಿಯರು ಕೆಂಪನಂಜಪ್ಪನವರು ಹೇಳಿ ಕಳಿಸಿದರು. ಅದೂ ಸೋಮವಾರವೇ ಬಿತ್ತು. ರುಜು ಹಾಕಿದವರು ಹನ್ನೆರಡು ಜನ ಬಸ್ಸು ಹತ್ತಿದೆವು. ನನ್ನ ಕಂಕುಳಲ್ಲಿ ವರ್ಷದ ಮಗಳು, ಸೊಂಟದ ಸಂಚಿಯಲ್ಲಿ ಬೆಳಿಗ್ಗೆ ಎರೆದು ಸಿಕ್ಕಿಸಿಕೊಂಡಿದ್ದ ಮಿಳ್ಳೆ.

ಕೆಂಪನಂಜಪ್ಪನವರು ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತಾಡುವ ಮನುಷ್ಯ. ಲೆಕ್ಕದ ಪುಸ್ತಕದ ಪಕ್ಕ ಕ್ಯಾಲೆಂಡರು ಹರವಿಕೊಂಡಿದ್ದರು.

"ಮೇಷ್ಟ್ರೇ, ನಿಮ್ಮೂರ ಮಳೆಗೆ ವಾರ ಗೊತ್ತಾ?"

"ಅರ್ಥ ಆಗಲಿಲ್ಲ ಸಾರ್."

"ಬೇಸಿಗೆ ಪುಟ ನೋಡಿ. ಸೋಮವಾರ ಐದು ಸೆಂಟು. ಆರು ದಿನ ಏನೂ ಇಲ್ಲ. ಮತ್ತೆ ಸೋಮವಾರ, ಐದು."

ಮನೆಯವರು ಪುಟದ ಮೇಲೆ ಬಗ್ಗಿದರು. ಅವರು ತಾರೀಖು ಬರೆದಿದ್ದರೇ ಹೊರತು ವಾರ ಬರೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಚಿನ್ನಸ್ವಾಮಿ ನಕ್ಕ. "ಶಿವನ ವಾರ ಅಲ್ವಾ ಸಾ, ನಮ್ಮೂರ್ ಮಳೆ ಒಪ್ಪತ್ತು ಮಾಡ್ತದೆ."

ಎಲ್ಲರೂ ನಕ್ಕರು. ಇಂಜಿನಿಯರು ನಗಲಿಲ್ಲ. "ಇದು ಮನೇಲಿ ಕೂತು ಬರೆದ ಲೆಕ್ಕ. ಅಳತೆ ಬೇಕು ಅಳತೆ ಬೇಕು ಅಂತ ಸರ್ಕಾರಕ್ಕೆ ಪಾಠ ಹೇಳೋ ನೀವೇ ಹೀಗೆ ಮಾಡಿದರೆ, ಈ ಅರ್ಜಿ ನಾನು ಯಾವ ಮುಖ ಇಟ್ಕೊಂಡು ಮೇಲಕ್ಕೆ ಕಳಿಸಲಿ?"

"ಕಣ್ಣಲ್ಲಿ ಕಾಣದ ಒಂದಂಕಿ ನಾನು ಬರೆದಿಲ್ಲ ಸಾರ್." ಅವರ ದನಿ ಪಾಠ ಹೇಳುವ ದನಿಯಾಗಿರಲಿಲ್ಲ.

"ಹಾಗಾದರೆ ಇದೊಂದು ಹೇಳಿಬಿಡಿ. ಹೋದ ವರ್ಷ ಕಾರ್ತಿಕದಿಂದ ಎರಡು ತಿಂಗಳು ಈ ಸೋಮವಾರದ ಮಳೆ ಬಂದೇ ಇಲ್ಲ. ಆಗ ಎಲ್ಲಿಗೆ ಹೋಗಿತ್ತು?"

ಮನೆಯವರು ಪುಟ ಹಿಂದಕ್ಕೆ ತಿರುವತೊಡಗಿದರು. ಉತ್ತರ ನನ್ನ ಬಳಿ ಇತ್ತು. ಹೇಳಿದರೆ ಕೆರೆ ಹೋಗುತ್ತದೆ, ಹೇಳದಿದ್ದರೆ ಇವರು ಸುಳ್ಳುಗಾರರಾಗುತ್ತಾರೆ. ಮಗಳು ನನ್ನ ತಾಳಿಯನ್ನು ಹಿಡಿದು ಎಳೆಯುತ್ತಿದ್ದಳು.

"ಅಗರಕ್ಕೆ ಓಗಿತ್ತು ಸಾ" ಅಂದೆ. "ತವರಿಗೆ. ಬಾಣಂತನಕ್ಕೆ."

ಪಕ್ಕದ ಮನೆಯ ಮಾದೇವಮ್ಮ ನನ್ನ ಸೆರಗು ಜಗ್ಗಿದಳು. "ಇದೇನವ್ವ, ಬುದ್ಧಿ ಗಿದ್ಧಿ ನೆಟ್ಟಗದಾ?" ನಾನು ಮಗುವನ್ನು ಅವಳ ಕೈಗೆ ಕೊಟ್ಟು, ಮಿಳ್ಳೆ ತೆಗೆದು ಮೇಜಿನ ಮೇಲಿಟ್ಟೆ. ನಡೆದದ್ದನ್ನು ಹೇಳಿದೆ. ಗಂಡನ ಮುಖ ನೋಡದೆ ಕಿಟಕಿಯಾಚೆಯ ಹುಣಸೆಮರ ನೋಡುತ್ತ ಹೇಳಿದೆ.

ಕೆಂಪನಂಜಪ್ಪನವರು ನೀರು ತರಿಸಿದರು. ಮನೆಯವರು ಟವಲಿನಲ್ಲಿ ಸುತ್ತಿ ತಂದಿದ್ದ ಅಳತೆ ಗಾಜನ್ನು ಬಿಚ್ಚಿ ಇಟ್ಟರು. ನಾನು ಮೂರು ಮಿಳ್ಳೆ ಎರೆದೆ. ಒಂದೊಂದಕ್ಕೂ ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಂಡೆ. ಐದು ಸೆಂಟು. "ಇನ್ನೊಂದು ಸಲ" ಎಂದರು. ಐದು. ಹತ್ತು ಸಲ ಎರೆಸಿದರು. ಒಂದು ಸಲ ಮಾತ್ರ ಕೂದಲೆಳೆಯಷ್ಟು ಕಡಿಮೆ ಬಂತು.

"ನಮ್ಮ ಆಫೀಸಲ್ಲೂ ಯಾರೂ ಇಷ್ಟು ನಿಯತ್ತಾಗಿ ಅಳೆಯಲ್ಲ ತಾಯಿ" ಎಂದು ಕನ್ನಡಕ ಇಳಿಸಿಕೊಂಡರು. "ಸೋಮವಾರಕ್ಕೆ ಐದರಂತೆ ಕಳೆದುಬಿಟ್ಟರೆ ಉಳಿದದ್ದು ನಿಜವಾದ ಲೆಕ್ಕ. ಕಳೀರಿ ಮೇಷ್ಟ್ರೇ."

ಮನೆಯವರೇ ಪೆನ್ಸಿಲು ಹಿಡಿದು ಕಳೆದರು. ಅವರೇ ಓದಿದರು. "ಇಪ್ಪತ್ತಾರು. ಕೆರೆ ತುಂಬಲ್ಲ ಸಾರ್."

ಈಗ ಚಿನ್ನಸ್ವಾಮಿ ನಗುತ್ತಿರಲಿಲ್ಲ. "ಅಯ್ಯೋ, ಎಲ್ಡಿಂಚು ತಾನೆ ಸಾ! ಅಮ್ಮೋರು ಏನೋ ತಿಳೀದೆ ಅಂದ್ರು, ಬುಡಿ. ಇದ್ದಂಗೆ ಬರ್ಕಳಿ, ಕಟ್ಟೋದು ನಾನು ಕಟ್ತೀನಿ."

"ಬೇಡ ಚಿನ್ನಸ್ವಾಮಿ" ಎಂದರು ಮನೆಯವರು. "ದನ ಮೇಯೋಕೆ ಒಂದು ಕೆರೆ ಸಾಕು."

ಬಸ್ಸಿನಲ್ಲಿ ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಹದಿನೈದು ದಿನ ಮಗಳೊಂದಿಗೆ ಮಾತ್ರ ಮಾತು. ಬೀಗದಕೈಯನ್ನು ಮೊಳೆಯಿಂದ ತೆಗೆದಾರು ಎಂದು ದಿನಾ ನೋಡುತ್ತಿದ್ದೆ. ತೆಗೆಯಲಿಲ್ಲ. ಒಂದು ಸಂಜೆ, ಎಲ್ಲಿಂದಲೋ ಹಳೆಯ ಕುಟ್ಟುಗಲ್ಲನ್ನು ಉರುಳಿಸಿಕೊಂಡು ಬಂದು ಬೇಲಿಯ ಹೊರಗೆ ಹೂಳಿದರು. ನಡುವೆ ಬೊಗಸೆಯಷ್ಟು ಗುಳಿಯಿತ್ತು.

"ನಿನ್ನ ಸೋಮವಾರದ್ದು ಇದಕ್ಕೆ ಹಾಕು" ಎಂದರು. ಆಮೇಲೆ ಕೈಯ ಮಣ್ಣು ಕೊಡವುತ್ತ, "ಕಾಣದ ಮಳೆ ಇದೆ ಅಂತ ನಾನು ನಂಬಿದ್ದೆ ಕಣೆ."

"ನಾನೂ" ಅಂದೆ.

ಕೆರೆ ಇಲ್ಲವೆಂದು ಕಾಗದ ಬಂತು. ಹಳ್ಳದ ತಲೆಯಲ್ಲಿ ದನಕ್ಕೆ ಸಾಲುವಷ್ಟು ಒಂದು ಕಟ್ಟೆ ಆದೀತು ಎಂದಿತ್ತು. ಅದರ ಕೆಳಗೆ ಇನ್ನೂ ಎರಡು ಸಾಲಿತ್ತು. ಹೊಸ ಅರ್ಜಿಗಳನ್ನು ನೋಡುವ ಮೊದಲು ಇನ್ನೂ ಮೂರು ಊರಿಗೆ ಡಬ್ಬ ಕಳಿಸಲಾಗುವುದು. ಆ ಎರಡು ಸಾಲನ್ನು ಅವರು ದೇವರ ಗೂಡಿನ ಮುಂದೆ ಗಟ್ಟಿಯಾಗಿ ಓದಿದರು. ಮುಂದಿನ ಭಾನುವಾರ ಅರ್ಜಿಗೆ ಮತ್ತೆ ರುಜು ಹಾಕಿಸಲು, ಸೈಕಲ್ಲು ಬಿಟ್ಟು ಬಸ್ಸಿಗೆ ಹೊರಟರು, ನನ್ನನ್ನೂ ಕರೆದರು. ಮುಳ್ಳೂರಿನಲ್ಲಿ ಅವರು ಇಂಚು, ಸೆಂಟು ಎಂದು ವಿವರಿಸಿದಾಗ ಜನ ಆಕಳಿಸಿದರು. ನಾನು ಮಿಳ್ಳೆ ತೆಗೆದು ಕತೆ ಹೇಳಿದ ಮೇಲೆ ನಕ್ಕು ನಕ್ಕು ಹೆಬ್ಬೆಟ್ಟು ಒತ್ತಿದರು. ಕೊಳ್ಳೇಗಾಲದವರೆಗೂ ನನಗೆ ಅದೇ ಹೆಸರಾಯಿತು. "ಸೋಮವಾರದ ಮಳೆಯಮ್ಮ ಬಂದವ್ರೆ, ಬನ್ರೋ."

ಚೈತ್ರದ ಒಂದು ಸೋಮವಾರ. ನಾನು ಕುಟ್ಟುಗಲ್ಲಿಗೆ ನೀರೆರೆದು ಮಂಜು ಕೇಳುತ್ತ ಅಲ್ಲೇ ಕೂತುಬಿಟ್ಟಿದ್ದೆ. ಎಂಟಕ್ಕೆ ಅವರು ಬಂದು ಸೀಸೆ ತೆಗೆದರು, ಗಾಜಿಗೆ ಬಗ್ಗಿಸಿದರು, ಕಣ್ಣಿನ ಮಟ್ಟಕ್ಕೆ ಹಿಡಿದರು. ತುಂಬ ಹೊತ್ತು ಹಾಗೆಯೇ ಹಿಡಿದಿದ್ದರು.

"ಎರಡು ಸೆಂಟು" ಎಂದರು. ತಿರುಗಿ ನನ್ನನ್ನು ನೋಡಿದರು. "ನೀನಾ?"

ನಾನು ಕುಟ್ಟುಗಲ್ಲಿನ ಗುಳಿ ತೋರಿಸಿದೆ. ನನ್ನ ಮೂರು ಮಿಳ್ಳೆ ಅಲ್ಲಿತ್ತು, ಮೇಲೆ ಒಂದು ಹೊಂಗೆಯ ಹೂ ತೇಲುತ್ತಿತ್ತು. ಬೇಲಿಯ ತಂತಿಯ ಉದ್ದಕ್ಕೂ ಹನಿ ಸಾಲಾಗಿ ನಿಂತಿದ್ದವು. ಅವರು ಒಂದು ಹನಿಯನ್ನು ಬೆರಳಿನಿಂದ ಮುಟ್ಟಿದರು, ಅದು ಉದುರಿತು.

ಆಮೇಲೆ ಪುಸ್ತಕ ತೆರೆದು ಅಂಕಿ ಬರೆದರು. ಮೂರು ವರ್ಷ ಖಾಲಿಯಿದ್ದ ಷರಾ ಕಾಲಮ್ಮಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದು ನನಗೆ ತೋರಿಸಿದರು: ಮನೆಯಲ್ಲಿ ವಿಚಾರಿಸಲಾಗಿದೆ.