ನಡು ಗಟ್ಟಿಯಾಗಲಿ

"ಅವ್ವಾ, ಇನ್ನೊಂದ್ ಚಪ್ಲಿ ಎಲ್ಲಿ?" ಎಂದು ಗೋಡೌನಿನ ಕಾವಲುಗಾರ ಕುಳ್ಳಯ್ಯ ಕೇಳಿದಾಗ ಸಹನ ಕೆಳಗೆ ನೋಡಿಕೊಂಡಳು. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು. ಹಿಮ್ಮಡಿಯ ತನಕ ಧೂಳು ಮೆತ್ತಿ, ಬೆರಳ ಸಂದಿಗೆ ಕಬ್ಬಿನ ಸಿಪ್ಪೆಯೊಂದು ಸಿಕ್ಕಿಕೊಂಡಿತ್ತು. ತನ್ನೂರು ಅರಕೆರೆಯ ಬಸ್ಸನ್ನು ಪಟ್ಟಣದಲ್ಲಿ ಇಳಿದು, ಹೆದ್ದಾರಿ ದಾಟಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಜಲ್ಲಿ ರಸ್ತೆಯಲ್ಲಿ ಇಲ್ಲಿಯವರೆಗೂ ನಡೆದು ಬಂದಿದ್ದಳು. ಚಪ್ಪಲಿ ಬಸ್ಸಿನಲ್ಲೇ ಉಳಿಯಿತೋ, ದಾರಿಯಲ್ಲಿ ಕಳಚಿತೋ ಅವಳಿಗೆ ಗೊತ್ತಿರಲಿಲ್ಲ.

"ಉಂಗುಷ್ಟ ಕಿತ್ತೋಯ್ತು ಕುಳ್ಳಯ್ಯಣ್ಣ. ಬಸ್ಸಲ್ಲೇ ಬುಟ್ಬಂದೆ."

"ಅಂಗಂತ ಒಂದ್ನೇ ಆಕ್ಕಂಡ್ ಬರಾದಾ? ಎರಡ್ನೂ ಬುಟ್ಟಿದ್ರೆ ಸಿಕ್ದೋರ್ಗಾದ್ರೂ ಉಪ್ಯೋಗ ಆಗದು," ಎಂದು ಕುಳ್ಳಯ್ಯ ಬೀಡಿ ಎಳೆದ.

ನಲ್ಲಿಯ ಹತ್ತಿರ ಕೂತು ಕಾಲು ತೊಳೆದಳು. ಅಂಗಾಲಿನಲ್ಲಿ ಚೂಪಾದ ಜಲ್ಲಿಯ ಚೂರೊಂದು ನೆಟ್ಟಿತ್ತು. ಅದನ್ನು ಉಗುರಿನಿಂದ ಕಿತ್ತು ಎಸೆದಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಬೇರೆ ಯಾರದೋ ಕಾಲನ್ನು ತೊಳೆಯುತ್ತಿರುವ ಹಾಗಿತ್ತು, ಅಷ್ಟೆ. ದೀಪಾವಳಿ ಕಳೆದ ಮೇಲೆ ಶುರುವಾದದ್ದು ಇದು. ಮೊದಮೊದಲು ಇರುವೆ ಹರಿದಂತೆ ಜೋಮು ಹಿಡಿಯುತ್ತಿತ್ತು, ಝಾಡಿಸಿದರೆ ಬಿಡುತ್ತಿತ್ತು. ಈಚೆಗೆ ಆ ಇರುವೆಗಳೂ ಬಿಟ್ಟು ಹೋಗಿದ್ದವು. ಸೊಂಟದಲ್ಲಿದ್ದ ನೋವು ಕೂಡ ಅವುಗಳ ಜೊತೆಗೇ ಹೊರಟುಹೋದದ್ದರಿಂದ, ವಾಸಿಯಾಗುತ್ತಿದೆ ಎಂದೇ ಅವಳು ಒಂದಷ್ಟು ದಿನ ನಂಬಿದ್ದಳು.

ಗೋಡೌನು ಒಂದು ಕಾಲಕ್ಕೆ ಭತ್ತದ್ದು. ಈಗ ಸಿಮೆಂಟು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ನಡುವೆ ಬಲೆ ಕಟ್ಟಿ, ಕಾಲೇಜಿನ ವ್ಯಾಯಾಮದ ಮೇಷ್ಟ್ರು ರಂಗಸ್ವಾಮಿ ಅದನ್ನು ಶಟಲ್ ಅಂಕಣ ಮಾಡಿಕೊಂಡಿದ್ದರು. ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಬಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು. "ಶಟಲ್ ಆಡೋದು ಕೈಯಲ್ಲಲ್ಲ ಕಣ್ರಮ್ಮ, ನಡುವಲ್ಲಿ. ನಡು ಗಟ್ಟಿ ಇಲ್ದೋಳು ಎಷ್ಟ್ ಬೀಸಿದ್ರೂ ಅದು ನೊಣ ಓಡ್ಸಿದಂಗೆ." ಹುಡುಗಿಯರು ಆಡುವುದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೇ ಇರಬೇಕಾಗುತ್ತಿತ್ತು. ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿದು ನಡುಗುತ್ತ ನಿಲ್ಲುವುದಕ್ಕೆ ತಾವೇ ಹಲಗೆ ಎಂದು ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಕಷ್ಟದ್ದು ಅಂಗಾತ ಮಲಗಿ ಏಳುವುದು. ಕಾಲು ಕಡ್ಡಿಯ ಹಾಗೆ ಚಾಚಿರಬೇಕು, ಮಂಡಿ ಮಡಚಕೂಡದು, ಮಂಡಿಯಿಂದ ಕೆಳಗೆ ಕಾಲ ಮೇಲೆ ಒಬ್ಬರು ಕೂತಿರಬೇಕು, ಕೈ ಕತ್ತಿನ ಹಿಂದೆ ಕಟ್ಟಿ ಬರಿ ಹೊಟ್ಟೆಯ ಬಲದಲ್ಲೇ ಏಳಬೇಕು.

ಆ ದಿನ ಸಹನಳ ಕಾಲ ಮೇಲೆ ಕೂತವಳು ಅರ್ಪಿತ. ಅಕ್ಕಿಹೆಬ್ಬಾಳಿನವಳು, ಹಾಸ್ಟೆಲಿನಲ್ಲಿದ್ದಳು. ಡಬಲ್ಸ್‌ನಲ್ಲಿ ಇಬ್ಬರೂ ಜೋಡಿ. ಕೂತವಳು ಸುಮ್ಮನೆ ಕೂರುವ ಜಾತಿಯಲ್ಲ. ಸಹನ ಅರ್ಧ ಎದ್ದಾಗ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗಿ ಅಂಗಾಲಿಗೆ ಕಚಗುಳಿ ಇಡುತ್ತಿದ್ದಳು. ಸಹನ ಕಿರುಚಿ ಬೀಳುತ್ತಿದ್ದಳು, ಮೇಷ್ಟ್ರು ಪೀಪಿ ಊದುತ್ತಿದ್ದರು. ದಿನವೂ ನಡೆಯುವುದೇ ಅದು.

ಇವತ್ತು ಸಹನ ಎದ್ದಳು, ಇಳಿದಳು, ಮತ್ತೆ ಎದ್ದಳು. ಅರ್ಪಿತಳ ತೋಳು ಹಿಂದಕ್ಕೆ ಹೋಗಿ ಆಡುತ್ತಿರುವುದು ಕಂಡಿತು. ಆಮೇಲೆ ನಗಬೇಕೆಂದು ನೆನಪಾಯಿತು, ನಕ್ಕಳು.

ಅರ್ಪಿತ ನಗಲಿಲ್ಲ. "ನಾನ್ ಆಗ್ಲೇ ನಿಲ್ಸ್ದೆ ಕಣೆ," ಎಂದಳು. ಹಿಂದಕ್ಕೆ ತಿರುಗಿ ಪಾದ ನೋಡಿ, "ಎಡಗಾಲಾ?" ಎಂದು ಕೇಳಿದಳು.

"ಜೋಮು. ಓಯ್ತದೆ."

"ಸಾರ್‌ಗೆ ಏಳು."

"ಭಾನ್ವಾರ ಆಗೋಗ್ಲಿ."

ಭಾನುವಾರ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆ. ಆ ತಂಡದಲ್ಲಿ ಆಡಿದ್ದ ಹಿಂದಿನ ಹುಡುಗಿಯೊಬ್ಬಳಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಸಹನಳದ್ದು ಬಿ.ಎ. ಕೊನೆಯ ವರ್ಷ, ಇದು ತಪ್ಪಿದರೆ ಇನ್ನೊಂದಿಲ್ಲ. ಗದ್ದೆಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿ ಅಪ್ಪ ಚೌಡಯ್ಯ ಅರಕೆರೆಯ ಟೀ ಅಂಗಡಿಯಲ್ಲಿ ಆಗಲೇ ಮಗಳನ್ನು ರೈಲು ಹತ್ತಿಸಿಬಿಟ್ಟಿದ್ದ. "ಪುಕ್ಕ ಒಡಿಯೋಕೂ ಸಂಬ್ಳ ಕೊಡ್ತಾರಂತೆ ಕಣ್ಲಾ, ಗೌರ್ಮೆಂಟೋರು," ಎನ್ನುತ್ತಿದ್ದ. ಅರ್ಪಿತಳಿಗೂ ಜೋಡಿಯಿಲ್ಲದೆ ಆಯ್ಕೆಯಿಲ್ಲ. ಅವಳು ಸಹನಳ ಮುಖ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರನ್ನು ನೋಡಿದಳು, ಮತ್ತೆ ಕಾಲ ಮೇಲೆ ಸರಿಯಾಗಿ ಕೂತಳು.

ಮನೆಯಲ್ಲಿ ಕಾಲ ಮೇಲೆ ಕೂರುವವಳು ಅವ್ವ ಮಂಚಮ್ಮ. ಮೊದಲು ಅವಳಿಗೆ ಈ ಕಸರತ್ತು ಕಂಡರಾಗುತ್ತಿರಲಿಲ್ಲ. ಹೊಟ್ಟೆ ಮಡಚಿ ಮಡಚಿ ಎದ್ದರೆ ಬಟ್ಟಿ ಜಾರಿ ಹೊಕ್ಕುಳು ಪಕ್ಕಕ್ಕೆ ಹೋಗುತ್ತದೆ, ಆಮೇಲೆ ಮಕ್ಕಳಾಗುವುದಿಲ್ಲ ಎಂದು ವಾರಗಟ್ಟಲೆ ಗೊಣಗಿದಳು. ಸಹನ ಕೇಳಲಿಲ್ಲ. ಭತ್ತದ ಮೂಟೆಯೊಂದನ್ನು ಎಳೆದುಕೊಂಡು ಅದರಡಿ ಕಾಲು ತೂರಿಸಿ ಏಳಲು ಶುರುಮಾಡಿದಳು. ಮಂಚಮ್ಮ ಅದನ್ನು ನೋಡಿದ್ದೇ ತಡ, ಒಲೆಯ ಮುಂದಿನಿಂದ ಎದ್ದು ಬಂದಳು.

"ಅನ್ನುಕ್ಕೆ ಕಾಲ್ ಇಕ್ಕಿಯಾ? ತಗಿ ಅತ್ಲಾಗೆ. ನಾನೇ ಕುಂತ್ಕತೀನಿ."

ಮೂಟೆಯನ್ನು ಗೋಡೆಗೆ ಒರಗಿಸಿ, ಕಣ್ಣಿಗೊತ್ತಿಕೊಂಡು, ಆ ಜಾಗದಲ್ಲಿ ತಾನು ಕೂತಳು. ಅವತ್ತಿನಿಂದ ಬೆಳಗಾಗೆದ್ದು ಅದೇ ಕೆಲಸ. ಮಗಳು ಬೇಡವೆಂದರೂ ಬಿಡುತ್ತಿರಲಿಲ್ಲ. ಮಂಡಿ ಒಂಚೂರು ಮೇಲೆದ್ದರೆ ಭಾರ ಬಿಟ್ಟು ಅಮುಕಿ, "ನೆಟ್ಗಿಕ್ಕು, ನಿಮ್ಮೇಷ್ಟ್ರು ಏನ್ ಏಳವ್ರೆ?" ಎಂದು ಗದರುತ್ತಿದ್ದಳು. ಸಹನ ಮೇಲೆ ಬಂದಾಗ ಇಬ್ಬರ ಮುಖವೂ ಹತ್ತಿರವಾಗುತ್ತಿತ್ತು. ಕೂಲಿ, ನಾಟಿ, ಕಾಲೇಜು, ಬಸ್ಸು ಎಂದು ದಿನವೆಲ್ಲ ಒಬ್ಬರಿಗೊಬ್ಬರು ಸಿಗದ ತಾಯಿ ಮಗಳು ಮಾತಾಡುತ್ತಿದ್ದುದು ಆಗಲೇ. ಮೇಲೆ ಬಂದವಳು ಅರ್ಧ ಮಾತಾಡಿ ಇಳಿದುಹೋಗುತ್ತಿದ್ದಳು, ಉಳಿದರ್ಧಕ್ಕೆ ಅವ್ವ ಕಾಯಬೇಕಿತ್ತು.

"ಇವತ್ ಸಾರು..."

"ಸಾರು ಏನು?"

"...ಯಾತುರ್ದು?"

"ಉಳ್ಳಿಕಾಳ್ದು. ಬಾ ಮೇಲಕ್ಕೆ."

ಆ ಹೊತ್ತು ಸಹನಳಿಗೆ ತುಂಬ ಇಷ್ಟವಾಗಿತ್ತು. ಆಟಕ್ಕಿಂತ ಹೆಚ್ಚಾಗಿ ಇಷ್ಟವಾಗಿತ್ತು ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಮೊದಲ ಆಟ ಗೆದ್ದರು. ಮರದ ನೆಲ, ತಲೆಯ ಮೇಲೆ ಸಾಲು ದೀಪ. ಸಹನ ಹಿಂದಿನಿಂದ ಎಗರಿ ಹೊಡೆದ ಶಟಲುಗಳನ್ನು ಎದುರಿನವರು ನಿಂತು ನೋಡಿದರು. ಎಗರಿ ಇಳಿದಾಗ ಎಡಗಾಲು ನೆಲ ಮುಟ್ಟಿತೆಂಬುದು ಅವಳಿಗೆ ಸದ್ದಿನಿಂದ ತಿಳಿಯುತ್ತಿತ್ತು. ಎಡ ಮೂಲೆಗೆ ಬಂದದ್ದನ್ನೆಲ್ಲ ಅರ್ಪಿತ ಕೇಳದೆಯೇ ಓಡಿ ಹೋಗಿ ಎತ್ತಿದಳು. ಗೆದ್ದಾಗ ರಂಗಸ್ವಾಮಿ ಮೇಷ್ಟ್ರು ಟೋಪಿ ತೆಗೆದು ಬೀಸಿದರು. ಸಹನಳಿಗೆ ಸಂತೋಷವಾಗಬೇಕಿತ್ತು. ಅದೂ ಎಲ್ಲಿಯೋ ದೂರದಲ್ಲಿ ಯಾರಿಗೋ ಆಗುತ್ತಿರುವ ಹಾಗಿತ್ತು.

ಮಧ್ಯಾಹ್ನ ಮೈ ಪರೀಕ್ಷೆ. ಆಟಗಾರರನ್ನು ನೋಡುವ ಡಾಕ್ಟರೊಬ್ಬರು ಬಂದಿದ್ದರು, ನಡುವಯಸ್ಸಿನ ಹೆಂಗಸು. ಬೇಗ ಬೇಗ ಮುಗಿಸುತ್ತಿದ್ದರು. ಕೈ ಎತ್ತಿ, ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಏಳಿ.

"ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ. ಬಲ... ಹ್ಞಾಂ. ಈಗ ಎಡ."

ಸಹನ ಎಡಗಾಲಿನ ಮೇಲೆ ನಿಂತಳು. ಹಿಮ್ಮಡಿ ಏಳಲಿಲ್ಲ. ಏಳು ಎಂದು ಮನಸ್ಸಿನಲ್ಲೇ ಹೇಳಿದಳು. ಹೇಳಿದ್ದು ಕೆಳಗಿನ ತನಕ ಹೋಗಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ಅರ್ಪಿತ ಮುಖ ಆಚೆಗೆ ತಿರುಗಿಸಿದಳು.

ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದೆಯ ಮೇಲಿನ ನಂಬರಿಗೆ ಹಾಕಿದ್ದ ಪಿನ್ನನ್ನು ಬಿಚ್ಚಿಕೊಂಡರು. "ಕಣ್ಣು ಮುಚ್ಚಮ್ಮ. ಚುಚ್ಚಿದಾಗ ಹೇಳು."

ಸಹನ ಕಣ್ಣು ಮುಚ್ಚಿ ಕಾದಳು. ಪಕ್ಕದ ಅಂಕಣದಲ್ಲಿ ಯಾರೋ ಅಂಕ ಕೂಗುತ್ತಿದ್ದರು. ಡಾಕ್ಟರು ಯಾಕೆ ಇಷ್ಟು ತಡ ಮಾಡುತ್ತಿದ್ದಾರೆ ಎಂದು ಕಣ್ಣು ಬಿಟ್ಟಾಗ ಕಿರುಬೆರಳಿನ ಮೇಲೆ ಸಾಸಿವೆಯಷ್ಟು ರಕ್ತ ಕಂಡಿತು.

"ಹೊಟ್ಟೆಗೆ ಏನೇನು ವ್ಯಾಯಾಮ ಮಾಡ್ತೀಯ, ತೋರಿಸು," ಎಂದರು. ಅವಳು ಮರದ ನೆಲದ ಮೇಲೆ ಕಾಲು ಚಾಚಿ ಮಲಗಿದಳು. "ನಿಲ್ಲು, ಏಳಬೇಡ. ಹೀಗೇ ಮಾಡ್ತೀಯಾ? ಮಂಡಿ ಮಡಚದೆ?" ಡಾಕ್ಟರು ಕೇಳಿದ್ದು ಅವಳನ್ನೇ ಆದರೂ ಧ್ವನಿ ರಂಗಸ್ವಾಮಿಯವರ ಕಡೆಗಿತ್ತು. "ಮಂಡಿ ಮಡಚಿದ್ರೆ ಮಾತ್ರ ಹೊಟ್ಟೆ ಕೆಲಸ ಮಾಡೋದು. ಚಾಚಿದ್ರೆ ಭಾರ ಎಲ್ಲಾ ಸೊಂಟದ ಮೂಳೆಗೆ. ಕಾಲ ಮೇಲೆ ಯಾರು ಕೂರ್ತಾರೆ?"

"ನಮ್ಮವ್ವ."

ಡಾಕ್ಟರು ಅವಳನ್ನು ಕೈಹಿಡಿದು ಎಬ್ಬಿಸಿದರು. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರವನ್ನು ಅಮುಕಿದೆ, ದೊಡ್ಡಾಸ್ಪತ್ರೆಗೆ ತೋರಿಸಿ, ಅಲ್ಲಿಯವರೆಗೂ ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು ಎಂದರು. ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು. ಆಟದ ಮಾತು ಬೇಡ. ಸಂಜೆ ಅರ್ಪಿತಳನ್ನು ಬೇರೊಬ್ಬಳ ಜೋಡಿ ಮಾಡಿ ಆಡಿಸಿ ನೋಡಿದರು, ತಂಡಕ್ಕೆ ತೆಗೆದುಕೊಂಡರು. ಅವಳು ಬಂದು ಸಹನಳ ಚೀಲಕ್ಕೆ ನೀರಿನ ಬಾಟಲಿ ಹಾಕಿ, ಜಿಪ್ಪು ಎಳೆದು, ಅಲ್ಲೇ ನಿಂತಳು.

"ಚೆಂದಾಗ್ ಆಡ್ದೆ ಕಣೆ," ಎಂದಳು ಸಹನ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಹೊಟ್ಟೆಕಿಚ್ಚನ್ನು ಹುಡುಕಿ ನೋಡಿದಳು, ಅದೂ ಇರಲಿಲ್ಲ.

ಬಸ್ಸಿನಲ್ಲಿ ಮೇಷ್ಟ್ರು ಅವಳ ಮುಂದಿನ ಸೀಟಿನಲ್ಲಿ ಕೂತರು. ಪಟ್ಟಣದ ಸೇತುವೆ ಬರುವವರೆಗೂ ಟೋಪಿಯನ್ನು ಸುರುಳಿ ಸುತ್ತುತ್ತ ಬಿಚ್ಚುತ್ತ ಇದ್ದರು. ಕೊನೆಗೆ ತಿರುಗದೆಯೇ, "ನಂಗೆ ಏಳ್ಕೊಟ್ಟಿದ್ದೇ ಅಂಗೆ ಕಣಮ್ಮ," ಎಂದರು.

"ಗೊತ್ತು ಸಾರ್," ಎಂದಳು.

ಮನೆಗೆ ಬಂದು ಆಯ್ಕೆಯಾಗಲಿಲ್ಲ ಎಂದಷ್ಟೇ ಹೇಳಿದಳು. ಉಳಿದದ್ದನ್ನು ಹೇಳಬೇಕಾದರೆ ಯಾರು ಕೂರುತ್ತಿದ್ದರು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅವ್ವನಿಗೆ ಅದೊಂದು ತಿಳಿಯಬಾರದು ಎಂಬುದು ಬಿಟ್ಟರೆ ಅವಳ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ. ಚೌಡಯ್ಯ, "ಓಗ್ಲಿ ಬುಡು, ರೈಲು ಒಂದೇ ಅದಾ, ಬಸ್ಸೂ ಅದೆ," ಎಂದು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಗೆ ಹೋದ. ಆ ಸಂಜೆ ಅವನು ಟೀ ಅಂಗಡಿಯ ಕಡೆ ಹೋಗಲಿಲ್ಲ.

ಬೆಳಗಿನ ಜಾವ ಚೌಡಯ್ಯ ತೂಬು ಎತ್ತಲು ನಾಲೆಗೆ ಹೋದ ಮೇಲೆ ಮಂಚಮ್ಮ ಎಂದಿನಂತೆ ಬಂದಳು. ಸಹನ ಬರಿನೆಲದ ಮೇಲೆ ಅಂಗಾತ ಮಲಗಿದ್ದಳು. ಗೋಡೆಗೊರಗಿದ ಭತ್ತದ ಮೂಟೆ ಮಬ್ಬಿನಲ್ಲಿ ಕಾಣುತ್ತಿತ್ತು.

"ಏಳಾಕಿಲ್ವಾ ಇವತ್ತು? ಮುಂದಿನ್ ವರ್ಸ ಆಯ್ತದೆ, ಅದುಕ್ಯಾಕೆ ಮಕ ಸಪ್ಗೆ ಮಾಡ್ಕಂಡೀಯೆ," ಎಂದಳು ಮಂಚಮ್ಮ.

"ಇವತ್ ಬ್ಯಾಡ ಕಣವ್ವ. ಸುಸ್ತಾಗದೆ."

ಸಹನ ಕಣ್ಣು ಮುಚ್ಚಿಕೊಂಡಳು. ಸೀರೆಯ ಸದ್ದಾಯಿತು, ಬಳೆಯ ಸದ್ದಾಯಿತು, ಆಮೇಲೆ ಏನೂ ಇಲ್ಲ. ಅವ್ವ ಒಲೆ ಹಚ್ಚಲು ಹೋಗಿರಬೇಕು. ಹೊರಗೆ ನಾಲೆಗೆ ನೀರು ಬಿಟ್ಟ ಸದ್ದು ಕೇಳಿಸಿತು. ಒಂದು ಬಸ್ಸು ಹೋಯಿತು. ತುಂಬ ಹೊತ್ತು ಹಾಗೇ ಮಲಗಿದ್ದು, ಅಡುಗೆಮನೆಗೆ ಕೇಳಿಸಲಿ ಎಂದು ಗಟ್ಟಿಯಾಗಿ ಕೂಗಿದಳು.

"ಅವ್ವಾ, ಸಾರ್ ಯಾತುರ್ದು?"

"ಯಾಕಂಗ್ ಕೂಗೀಯೆ? ಇಲ್ಲೇ ಇದ್ದೀನಲ್ಲ."

ಧ್ವನಿ ಕಾಲ ಹತ್ತಿರದಿಂದ ಬಂತು. ಸಹನ ಕತ್ತೆತ್ತಿ ನೋಡಿದಳು. ಮಂಚಮ್ಮ ಹರಳೆಣ್ಣೆ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಎಡಪಾದ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಅವಳ ಎರಡೂ ಕೈ ಅದರ ಮೇಲಿದ್ದವು, ಆಗಿನಿಂದಲೂ ನೀವುತ್ತಲೇ ಇದ್ದವು. ಈಗ ನಿಂತವು.

ಮಂಚಮ್ಮ ಮಗಳ ಮುಖ ನೋಡಿದಳು, ಕಾಲು ನೋಡಿದಳು. ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಚಿವುಟಿದಳು. ಇನ್ನೊಮ್ಮೆ, ಜೋರಾಗಿ ಚಿವುಟಿದಳು.

"ನಾನ್ ಕುಂತಿದ್ದುಕ್ಕಾ?"

"ನೀನೆಷ್ಟ್ ಭಾರ ಇದ್ದೀಯೆ, ಬುಡವ್ವ."

ಒಲೆ ಇನ್ನೂ ಹಚ್ಚಿರಲಿಲ್ಲ. ಮಂಚಮ್ಮ ಕೈಯನ್ನು ಹಿಮ್ಮಡಿಗೆ ಸರಿಸಿ, "ಇಲ್ಲಿ?" ಎಂದಳು. ಸಹನ ಇಲ್ಲವೆಂದು ತಲೆಯಾಡಿಸಿದಳು. ಕಣಕಾಲಿಗೆ ಸರಿಸಿದಳು. "ಇಲ್ಲಿ?" ಇಲ್ಲ. ಎಣ್ಣೆಯ ಕೈ ಮೀನಖಂಡದ ಮೇಲೆ ಒಂದೊಂದೇ ಬೆರಳಗಲ ಮೇಲಕ್ಕೆ ಬರುತ್ತಿರುವುದನ್ನು ಸಹನ ನೋಡುತ್ತಿದ್ದಳು. ಮಂಡಿಯ ಹತ್ತಿರ ಬಂದಾಗ ಮೊದಲು ಬಳೆಯ ತಂಪು ಗೊತ್ತಾಯಿತು, ಆಮೇಲೆ ಅವ್ವನ ಅಂಗೈಯ ಒರಟು.

"ಹ್ಞೂಂ," ಎಂದಳು.

ಮಂಚಮ್ಮ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತಳು.